ಹಾಲು ಕಾಯಿಸಿದರೆ ಬೆಲ್ಲ

ಮದ್ದೂರು
ಭಾನುವಾರ, ೨೪ ನವೆಂಬರ್ ೨೦೨೪

ಒಂದನೇ ಅರ್ಜಿದಾರರಾದ ಹೊಳಲಿನ ಆಲೆಮನೆ ರಾಜೇಂದ್ರ ಅವರಿಗೆ, ಎರಡನೇ ಅರ್ಜಿದಾರಳಾದ ರೂಪ ಮಾಡುವ ನಮಸ್ಕಾರಗಳು.

ನಗಬೇಡಿ. ವಕೀಲರ ಕಾಗದದಲ್ಲಿ ನಮ್ಮಿಬ್ಬರಿಗೂ ಈಗ ಇರುವ ಹೆಸರು ಇದೇ. ಹನ್ನೆರಡು ವರ್ಷ ಒಂದೇ ಮನೆಯಲ್ಲಿ ಸಂಸಾರ ಮಾಡಿದಾಗ ನಾವಿಬ್ಬರೂ ಸೇರಿ ಒಂದು ಕಾಗದಕ್ಕೂ ಸಹಿ ಹಾಕಿರಲಿಲ್ಲ. ಕೊನೆಗೆ ಸೇರಿ ಸಹಿ ಹಾಕಿದ್ದು ವಿಚ್ಛೇದನದ ಅರ್ಜಿಗೆ. ಆರು ತಿಂಗಳು ಯೋಚನೆ ಮಾಡಿ ಬನ್ನಿ ಎಂದು ಕೋರ್ಟು ಕೊಟ್ಟಿದ್ದ ಗಡುವು ಬರುವ ಗುರುವಾರ ಮುಗಿಯುತ್ತದೆ. ಅವತ್ತು ಹನ್ನೊಂದು ಗಂಟೆಗೆ ಇಲ್ಲಿನ ಕೋರ್ಟಿಗೆ ನೀವೂ ಬರಬೇಕು, ನಾನೂ ಬರಬೇಕು, ಇಬ್ಬರೂ ಹೂಂ ಅಂದುಬಿಟ್ಟರೆ ಮುಗಿಯಿತು. ನಾನು ಹೂಂ ಅನ್ನಲಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಹೇಳುವ ಬುದ್ಧಿ ನನಗಿಲ್ಲ ಎಂದು ನಿಮಗೇ ಗೊತ್ತು.

ಫೋನಿನಲ್ಲಿ ಹೇಳಬಹುದಿತ್ತು. ಮೂರು ಸಲ ನಿಮ್ಮ ನಂಬರು ಒತ್ತಿ ಮೂರು ಸಲವೂ ಕಟ್ ಮಾಡಿದೆ. ವಾಟ್ಸಾಪಿನಲ್ಲಿ ಟೈಪ್ ಮಾಡಿದರೆ ಅರ್ಧಕ್ಕೇ ಅಳಿಸಿಬಿಡುತ್ತೇನೆ. ಪೆನ್ನಿನಲ್ಲಿ ಬರೆದದ್ದನ್ನು ಹೊಡೆದು ಹಾಕಿದರೂ ಕೆಳಗೆ ಏನಿತ್ತು ಅಂತ ಕಾಣುತ್ತದೆ, ಹಾಗಾಗಿ ಸುಳ್ಳು ಹೇಳುವುದು ಕಷ್ಟ. ನೋಡಿ, ನೀಲಿ ಪೆನ್ನು. ಕೆಂಪು ಪೆನ್ನನ್ನು ಬ್ಯಾಗಿನ ತಳಕ್ಕೆ ಹಾಕಿ ಜಿಪ್ ಎಳೆದಿದ್ದೇನೆ.

ಅತ್ತೆ ಹೇಗಿದ್ದಾರೆ? ಮಂಡಿ ನೋವು ಕಡಿಮೆ ಆಯಿತಾ? ಅವರ ಮೇಲೆ ನನಗೆ ಎಷ್ಟು ಸಿಟ್ಟಿದೆಯೋ ಅಷ್ಟೇ ಅವರ ಕೈಯ ಉಪ್ಸಾರಿನ ಮೇಲೆ ಆಸೆಯೂ ಇದೆ. ಇಲ್ಲಿ ಬಾಡಿಗೆ ಮನೆಯಲ್ಲಿ ನಾನು ಮಾಡುವ ಖಾರಕ್ಕೆ ಆ ರುಚಿ ಬರುವುದೇ ಇಲ್ಲ. ಒಬ್ಬಳಿಗೆ ಅಂತ ಮುದ್ದೆ ತೊಳಸುವುದಕ್ಕೆ ಮನಸ್ಸೂ ಬರುವುದಿಲ್ಲ. ಅನ್ನ ಬೇಯಿಸಿಕೊಂಡು ಉಂಡು ಪೇಪರು ತಿದ್ದಲು ಕೂರುತ್ತೇನೆ.

ಪೇಪರು ತಿದ್ದುತ್ತಾ ಇದ್ದಾಗಲೇ ಇದು ಆದದ್ದು.

ಹೋದ ವಾರ ಎಂಟನೇ ಕ್ಲಾಸಿಗೆ ಕಿರುಪರೀಕ್ಷೆ ಕೊಟ್ಟಿದ್ದೆ. ದ್ರಾವಣದಲ್ಲಿ ಕರಗಿರುವ ವಸ್ತುವನ್ನು ಬೇರೆ ಮಾಡುವ ಒಂದು ವಿಧಾನವನ್ನು ನಿತ್ಯಜೀವನದ ಉದಾಹರಣೆಯೊಂದಿಗೆ ವಿವರಿಸಿ, ನಾಲ್ಕು ಅಂಕ. ಎಲ್ಲರೂ ಉಪ್ಪುನೀರು, ಉಪ್ಪುನೀರು ಅಂತ ಬಾಯಿಪಾಠ ಒಪ್ಪಿಸಿದ್ದರು. ಶೋಭಿತಾ ಎನ್ನುವ ಹುಡುಗಿ ಮಾತ್ರ ಹೀಗೆ ಬರೆದಿದ್ದಳು: "ಹಾಲು ಕಾಯಿಸಿದರೆ ಬೆಲ್ಲ ಬರುತ್ತದೆ. ಹಾಲಿಗೆ ಸುಣ್ಣ ಹಾಕಿದರೆ ಹುಳಿ ಸತ್ತು ಮೊದಲು ವಿಷ ಮೇಲಕ್ಕೆ ಬರುತ್ತದೆ, ಅದನ್ನು ಎತ್ತಿ ಹಾಕಬೇಕು. ನೀರೆಲ್ಲ ಆವಿಯಾಗಿ ಹೋದ ಮೇಲೆ ಅಮೃತ ಉಳಿಯುತ್ತದೆ." ಕೊನೆಯಲ್ಲಿ ಇನ್ನೊಂದು ಸಾಲು ಇತ್ತು, ಅದನ್ನು ಆಮೇಲೆ ಹೇಳುತ್ತೇನೆ.

ನಾನು ಏನು ಮಾಡಿದೆ ಗೊತ್ತಾ? ನಿಮಗೆ ಗೊತ್ತಿರುತ್ತದೆ ಬಿಡಿ. ಉತ್ತರದ ಮೇಲೆ ಉದ್ದಕ್ಕೆ ಕೆಂಪು ಗೀಟು ಎಳೆದೆ. "ಹಾಲು ಕಾಯಿಸಿದರೆ ಕೆನೆ ಬರುತ್ತದೆ, ಬೆಲ್ಲವಲ್ಲ! ವಿಜ್ಞಾನದಲ್ಲಿ ಪುರಾಣ ಬೇಡ" ಎಂದು ಪಕ್ಕದಲ್ಲಿ ಬರೆದು ಸೊನ್ನೆ ಸುತ್ತಿದೆ. ಸ್ಟಾಫ್ ರೂಮಿನಲ್ಲಿ ಜೋರಾಗಿ ಓದಿಯೂ ತೋರಿಸಿದೆ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಶುಕ್ರವಾರ ಪೇಪರು ಕೊಟ್ಟ ಮೇಲೆ ಆ ಹುಡುಗಿ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಕಣ್ಣಲ್ಲಿ ನೀರು ತುಂಬಿತ್ತು, ಆದರೆ ದನಿ ಗಟ್ಟಿಯಾಗಿತ್ತು. "ಮೇಡಂ, ನಾನು ಎಮ್ಮೆ ಆಲು ಅಂದಿಲ್ಲ. ಕಬ್ಬಿನಾಲು ಮೇಡಂ. ನಮ್ಮಜ್ಜಿ ಊರಲ್ಲಿ ಬರೀ ಆಲು ಅಂದ್ರೆ ಅದೇಯ," ಅಂದಳು.

ಹನ್ನೆರಡು ವರ್ಷ ಹೊಳಲಿನ ಸೊಸೆಯಾಗಿದ್ದು, ದಿನಾ ಬೆಳಿಗ್ಗೆ ಗಾಣದ ಕಡೆ ತಿರುಗಿ "ಹಾಲು ಎಷ್ಟು ಇಳೀತು?" ಎಂದು ಕೂಗುತ್ತಿದ್ದವಳು ನಾನು. ಮಂಡ್ಯ ಪೇಟೆಯಲ್ಲಿ ಗಾಡಿ ಮುಂದೆ ನಿಂತು "ಎರಡು ಕಬ್ಬಿನ ಹಾಲು ಕೊಡಪ್ಪ, ಐಸ್ ಬೇಡ" ಅಂದವಳು ನಾನು. ಆ ಮಾತನ್ನೇ ಮರೆತು ಒಂದು ಮಗುವಿಗೆ ಸೊನ್ನೆ ಕೊಟ್ಟಿದ್ದೆ. ಪುಸ್ತಕದ ಹಾಲೊಂದೇ ಹಾಲು ಅಂದುಕೊಂಡುಬಿಟ್ಟಿದ್ದೆನಲ್ಲ, ನನ್ನ ತಲೆಗಿಷ್ಟು!

ಯಾರೇ ನಿನಗೆ ಇದನ್ನೆಲ್ಲ ಹೇಳಿಕೊಟ್ಟದ್ದು ಅಂತ ಕೇಳಿದೆ. ಕೇಳುವಾಗಲೇ ಉತ್ತರ ಗೊತ್ತಾಗಿಬಿಟ್ಟಿತ್ತು. "ಹೊಳಲಲ್ಲಿ ಆಲೆಮನೆ ರಾಜಣ್ಣ ಮೇಡಂ. ದಸರಾ ರಜದಲ್ಲಿ ಅಜ್ಜಿ ಮನೆಗೆ ಓಗಿದ್ದೆ. ಸುಣ್ಣದ್ದು, ಹುಳಿದು, ಆವಿದು ಅವರ ಮನೆ ಮೇಡಂ ಯೋಳಿರೋದಂತೆ. ಇಸದ್ದು, ಅಮೃತದ್ದು ಅವರದ್ದಂತೆ. ಪರೀಕ್ಷೆಲಿ ನಮ್ಮನೆ ಮೇಡಂ ಯೋಳಿದ್ದು ಬರೀ ಮಗ, ನಾ ಯೋಳಿದ್ದು ಹಂಗೇ ಮನಸಲ್ಲಿ ಇಟ್ಕೊ ಅಂದಿದ್ರು. ನಾನು ಎರಡೂ ಕಲ್ಸಿ ಬರ್ದ್‌ಬುಟ್ಟೆ," ಅಂದಳು. ಆ ಮನೆ ಮೇಡಂ ಯಾರು ಅಂತ ಅವಳಿಗೆ ಗೊತ್ತಿಲ್ಲ. ನಾನೂ ಹೇಳಲಿಲ್ಲ. ಅಂಗಳದ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದು ಮುಂದಿನ ಪಾಠ ಮಾಡಿದೆ.

ನಮ್ಮನೆ ಮೇಡಂ. ಎರಡೂವರೆ ವರ್ಷದಿಂದ ನಾನು ಆ ಮನೆಯಲ್ಲಿ ಇಲ್ಲ, ಆದರೂ ನನ್ನನ್ನು ಅಲ್ಲೇ ಇಟ್ಟುಕೊಂಡು ಊರ ಮಕ್ಕಳಿಗೆಲ್ಲ ನನ್ನ ಪಾಠವನ್ನು ನನ್ನ ಹೆಸರಿನಲ್ಲೇ ಹೇಳುತ್ತಿದ್ದೀಯಲ್ಲ. ಇನ್ನು ನಿನ್ನನ್ನು ನೀವು ಅನ್ನುವುದಕ್ಕೆ ನನ್ನ ಕೈಯಲ್ಲಿ ಆಗುವುದಿಲ್ಲ ರಾಜ. ಅತ್ತೆಯ ಮುಂದೆ ನೀವು, ಬಾಗಿಲು ಹಾಕಿದ ಮೇಲೆ ನೀನು ಅಂತ ಇದ್ದವರು ತಾನೇ ನಾವು. ಈಗ ನಾನು ಬಾಗಿಲು ಹಾಕಿಕೊಂಡೇ ಬರೆಯುತ್ತಿದ್ದೇನೆ.

ಮದುವೆಯಾದ ಹೊಸದು ನೆನಪಿದೆಯಾ? ನೀನು ಚಾವಡಿಯಲ್ಲಿ ಕೂತು ಪುರಾಣ ಓದುತ್ತಿದ್ದೆ. ಭೂಮಿಯ ಸುತ್ತ ಏಳು ಸಮುದ್ರ, ಮೊದಲನೆಯದು ಉಪ್ಪುನೀರಿನದು, ಅದರಾಚೆಗಿನದು ಕಬ್ಬಿನ ಹಾಲಿನದು ಎಂದು ಓದಿ, ನನ್ನ ಕಡೆ ತಿರುಗಿ, "ನೋಡ್ದಾ, ಮಂಡ್ಯದೋರಿಗೂ ಒಂದು ಸಮುದ್ರ ಮಡಗವ್ರೆ," ಅಂತ ಮೀಸೆ ತಿರುವಿದೆ. ನಾನು ನನ್ನ ಅಟ್ಲಾಸ್ ತಂದು ನಿನ್ನ ಮುಂದೆ ಹಾಕಿ, ಎಲ್ಲಿದೆ ತೋರಿಸು ನೋಡೋಣ ಅಂದೆ. ನೀನು ಆಗತಾನೇ ಆಲೆಮನೆಯಿಂದ ಬಂದಿದ್ದೆ, ಬೆಲ್ಲ ಮೆತ್ತಿದ ಹೆಬ್ಬೆಟ್ಟನ್ನು ಹಿಂದೂ ಮಹಾಸಾಗರ ಬಿಟ್ಟು ಸೀದಾ ಮಂಡ್ಯದ ಮೇಲೆ ಒತ್ತಿದೆ. "ಇಲ್ಲದೆ ಕಣಮ್ಮಿ," ಅಂದೆ. ಪುಸ್ತಕ ಹಾಳಾಯಿತು ಅಂತ ನಾನು ಬೈದೆ, ಬೈಯುತ್ತಾ ನಕ್ಕೆ. ಆ ಕಲೆ ಇನ್ನೂ ಇದೆ. ಹದಿನಾಲ್ಕು ವರ್ಷ ಹಳೆಯ ಬೆಲ್ಲ, ಇರುವೆಗಳಿಗೂ ಬೇಡವಾಗಿದೆ. ನಾನು ಮಾತ್ರ ಭೂಗೋಳ ನೋಡುವ ನೆಪದಲ್ಲಿ ಅದೇ ಪುಟ ತೆಗೆಯುತ್ತೇನೆ.

ಹಾಗೆ ನಕ್ಕವಳು ಯಾಕೆ ಅಷ್ಟು ಕಹಿಯಾದೆ ಎಂದು ನೀನು ಯಾವತ್ತೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಇವತ್ತು ಹೇಳುತ್ತೇನೆ, ಪೂರ್ತಿ ಓದು.

೨೦೧೯ರ ಡಿಸೆಂಬರ್ ಇಪ್ಪತ್ತಾರು. ಒಂಬತ್ತು ವರ್ಷ ಕಾದ ಮೇಲೆ ನನಗೆ ನಾಲ್ಕು ತಿಂಗಳಾಗಿತ್ತು. ಬೆಳಿಗ್ಗೆ ಎಂಟಕ್ಕೆ ಸೂರ್ಯಗ್ರಹಣ. ಅತ್ತೆ ನೀರಿನ ಬಿಂದಿಗೆಗೆಲ್ಲ ಗರಿಕೆ ಹಾಕಿ, ಕಿಟಕಿಗೆ ಹಳೇ ಸೀರೆ ಕಟ್ಟಿ, "ಬ್ಯಾಡ ಕಣವ್ವ, ವಸಿ ವೊತ್ತು ಒಳಗಿರು, ನಿನ್ನ ಕಾಲು ಇಡ್ಕತೀನಿ," ಅಂದರು. ನಾನು ಕೇಳಲಿಲ್ಲ. ಆಗ ನಾನು ದುದ್ದದ ಕಡೆಯ ಶಾಲೆಯಲ್ಲಿದ್ದೆ. ಮಕ್ಕಳಿಗೆಲ್ಲ ಗ್ರಹಣದ ಕನ್ನಡಕ ತರಿಸಿದ್ದೆ. ಹೊಂಗೆ ಮರದ ಕೆಳಗೆ ಎಲೆಗಳ ಸಂದಿಯಿಂದ ಬಿದ್ದ ಬೆಳಕೆಲ್ಲ ಕುಡುಗೋಲಿನ ಆಕಾರಕ್ಕೆ ತಿರುಗಿತ್ತು. ನೆಲದ ತುಂಬ ನೂರಾರು ಪುಟ್ಟ ಕುಡುಗೋಲು, ಮಕ್ಕಳು ಅವನ್ನು ಹಿಡಿಯಲು ಕುಣಿಯುತ್ತಿದ್ದರು. ನನ್ನ ಹೊಟ್ಟೆಯ ಮೇಲೂ ಒಂದು ಬಿದ್ದಿತ್ತು. ಅವತ್ತಿನಷ್ಟು ಖುಷಿ ನಾನು ಆಮೇಲೆ ಪಟ್ಟಿಲ್ಲ.

ಹನ್ನೆರಡನೇ ದಿನ ಮಗು ಹೋಯಿತು.

ಡಾಕ್ಟರು ಕಾರಣ ಹೇಳಿದರು. ಗ್ರಹಣಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ ಅಂದರು. ಅದು ನನಗೆ ಅವರಿಗಿಂತ ಚೆನ್ನಾಗಿ ಗೊತ್ತಿತ್ತು, ಬೋರ್ಡಿನ ಮೇಲೆ ಬರೆದು ತೋರಿಸಬಲ್ಲೆ. ಮನೆಗೆ ಬಂದ ಒಂದು ವಾರಕ್ಕೆ ಅತ್ತೆ ಪಾತ್ರೆ ಬೆಳಗುತ್ತಾ, "ಅವತ್ತೊಂದಿನ ಒಳಗಿದ್ದಿದ್ರೆ…" ಅಂದರು. ಅಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದರು. ಅಷ್ಟೇ, ಮತ್ತೆ ಯಾವತ್ತೂ ಆ ಮಾತು ಎತ್ತಲಿಲ್ಲ. ಅವರಿಗೂ ಮೊಮ್ಮಗು ಹೋಗಿತ್ತಲ್ಲ, ಪಾಪ. ಆದರೆ ಆ ಅರ್ಧ ಮಾತಿನ ಉಳಿದರ್ಧವನ್ನು ನಾನೇ ಐದು ವರ್ಷದಿಂದ ದಿನಾ ಪೂರ್ತಿ ಮಾಡಿಕೊಳ್ಳುತ್ತಿದ್ದೇನೆ.

ನೀನು ಏನೂ ಅನ್ನಲಿಲ್ಲ ರಾಜ. ಇರುವೆ ಸಾಲು ಕಂಡರೆ ಅದಕ್ಕೊಂದು ಕಥೆ ಹೇಳುವವನು, ಮಳೆಗೆ, ಮಿಂಚಿಗೆ, ಮೊಲದ ಕಿವಿಗೆ ಕಥೆ ಹೇಳುವವನು, ಇದಕ್ಕೆ ಮಾತ್ರ ಬಾಯಿ ಬಿಡಲಿಲ್ಲ. ಆಲೆಮನೆಗೆ ಹೋಗಿ ಒಲೆ ಮುಂದೆ ಕೂತೆ. ಹುಟ್ಟಿದಾಗಿನಿಂದ ಪಾಕ ಕೆಡಿಸದವನು ಆ ವಾರ ಒಂದು ಕೊಪ್ಪರಿಗೆ ಬೆಲ್ಲವನ್ನು ಪೂರ್ತಿ ಸೀಯಿಸಿದೆ ಅಂತ ಬೇರೆಯವರು ಬಂದು ಹೇಳಿದರು. ನನಗೆ ಬೇಕಾಗಿದ್ದದ್ದು ಒಂದೇ ಒಂದು ವಾಕ್ಯ. ಡಾಕ್ಟರ ಬಾಯಿಂದ ಅಲ್ಲ, ನಿನ್ನ ಬಾಯಿಂದ. ಪುರಾಣ ಓದುವ ಬಾಯಿಂದ. "ನೀನು ಹೊರಗೆ ಹೋಗಿದ್ದಕ್ಕಲ್ಲ" ಅಂತ ನೀನು ಅಂದಿದ್ದರೆ ನಾನು ನಂಬುತ್ತಿದ್ದೆ. ನೀನು ಅನ್ನಲಿಲ್ಲ. ಅವನ ಪುರಾಣ ಅತ್ತೆಯ ಪಕ್ಷ, ಅವನೂ ಅತ್ತೆಯ ಪಕ್ಷ, ನಾನೊಬ್ಬಳೇ ಈಚೆ ದಡ ಅಂದುಕೊಂಡುಬಿಟ್ಟೆ. ಅವತ್ತಿನಿಂದ ನಿನ್ನ ಒಂದೊಂದು ಕಥೆಯೂ ನನ್ನ ಮೈಮೇಲೆ ಕೆಂಡ ಸುರಿದ ಹಾಗೆ ಆಗತೊಡಗಿತು.

ಎರಡು ವರ್ಷ ಆದ ಮೇಲೆ, ವಿಜ್ಞಾನ ದಿನದ ಹೆಸರಲ್ಲಿ, ನಮ್ಮ ಆಲೆಮನೆಗೇ ಮಕ್ಕಳನ್ನು ಕರೆದುಕೊಂಡು ಬಂದೆನಲ್ಲ. ಮೂವತ್ತನಾಲ್ಕು ಮಕ್ಕಳು, ಇಬ್ಬರು ಮೇಷ್ಟ್ರು, ಜೊತೆಗೆ ತಪಾಸಣೆಗೆ ಬಂದ ಒಬ್ಬರು ಸಾಹೇಬರು. ಸುಣ್ಣ ಆಮ್ಲವನ್ನು ಹೇಗೆ ತಟಸ್ಥ ಮಾಡುತ್ತದೆ, ಕೊಳೆ ಯಾಕೆ ಮೇಲೆ ತೇಲುತ್ತದೆ ಅಂತ ನಾನು ವಿವರಿಸಿದೆ. ನೀನು ಜಾಲರಿ ಸೌಟಿನಲ್ಲಿ ಆ ಕಪ್ಪು ನೊರೆ ಎತ್ತುತ್ತಾ ಅಷ್ಟೂ ಹೊತ್ತು ಸುಮ್ಮನೆ ಕೇಳಿಸಿಕೊಂಡೆ. ಕೊನೆಗೆ ಯಾವುದೋ ಒಂದು ಮಗು ಅದೇನಣ್ಣ ಎತ್ತಿ ಹಾಕ್ತಿರೋದು ಅಂತ ಕೇಳಿತು. ನೀನು ಶುರು ಮಾಡಿದೆ: "ದೇವ್ರು ರಾಕ್ಷಸ್ರು ಸೇರ್ಕೊಂಡು ಆಲ್ಗಡಲು ಕಡೆದ್ರು ಅಂತರಲ್ಲ, ಆ ಆಲು ಇದೇಯ ಕಣ್ರಪ್ಪಾ. ಅಮೃತಕ್ಕೆ ಅಂತ ಕಡೆದ್ರು, ಮೊದ್ಲು ಬಂದಿದ್ದು ಇಸ. ಎಲ್ರೂ ಓಡೋದ್ರು. ಇಸ ಬಂದಿದ್ದು…"

ಅಷ್ಟರಲ್ಲಿ ಸಾಹೇಬರು ನನ್ನ ಮುಖ ನೋಡಿ ಹುಬ್ಬು ಏರಿಸಿದರು. ಒಬ್ಬ ಮೇಷ್ಟ್ರು ಮೊಬೈಲಿನಲ್ಲಿ ರೆಕಾರ್ಡು ಮಾಡುತ್ತಿದ್ದರು. ನೀನು ಮಕ್ಕಳ ಕಡೆ ನೋಡುತ್ತಿರಲಿಲ್ಲ, ನನ್ನ ಕಡೆ ನೋಡುತ್ತಿದ್ದೆ. ಅದು ನನ್ನನ್ನು ಚುಚ್ಚುವುದಕ್ಕೇ ಅಂತ ನಾನು ತಿಳಿದೆ. ವಿಷ ಅಂದದ್ದು ನನಗೇ ಅಂದುಕೊಂಡೆ. "ನಿಲ್ಲಿಸ್ರೀ!" ಅಂದೆ. ಮಕ್ಕಳೇ, ಇವರು ಈಗ ಹೇಳಿದ್ದನ್ನು ಯಾರೂ ಬರೆದುಕೊಳ್ಳಬೇಡಿ, ಇಂಥ ಸುಳ್ಳು ಹೇಳುವವರಿಂದಲೇ ನಾವು ಹಿಂದುಳಿದಿರೋದು ಅಂದೆ. ಬರೆದುಕೊಂಡಿದ್ದವರ ನೋಟ್‌ಬುಕ್ ಕಿತ್ತುಕೊಂಡು ಒಂದೊಂದರಲ್ಲೂ ಕೆಂಪು ಗೀಟು ಎಳೆದೆ. ನಿನ್ನ ಆಲೆಮನೆಯಲ್ಲಿ, ನಿನ್ನ ಕೊಪ್ಪರಿಗೆಯ ಮುಂದೆ, ನಿನ್ನ ಆಳುಗಳ ಎದುರಿಗೆ.

ನೀನು ಸೌಟು ಕೆಳಗಿಟ್ಟೆ. ಮಕ್ಕಳಿಗೆಲ್ಲ ಬಿಸಿ ಬೆಲ್ಲವನ್ನು ಬಾಳೆ ಎಲೆಯಲ್ಲಿ ಹಾಕಿಕೊಟ್ಟೆ, ಬಾಯಿ ಸುಟ್ಕಂಡೀರಿ ಊದ್ಕಂಡು ತಿನ್ನಿ ಅಂದೆ. ಸಾಹೇಬರಿಗೂ ಕೊಟ್ಟೆ. ನನಗೂ ಒಂದು ಎಲೆ ಚಾಚಿದೆ, ನಾನು ತೆಗೆದುಕೊಳ್ಳಲಿಲ್ಲ. ಸಾಯಂಕಾಲ ಮನೆಗೆ ಬಂದವನು ಒಂದೇ ಮಾತು ಕೇಳಿದೆ: "ಕತೆ ಯೋಳ್ತಿದ್ದೆ, ನಾನೇನು ಭೂಪಟ ಬರೆಸ್ತಿದ್ನಾ ರೂಪ?" ನಿನ್ನ ಪುರಾಣದಲ್ಲಿ ಪ್ರಕೃತಿಗೆ ಒಪ್ಪುವ ಒಂದೇ ಒಂದು ವಾಕ್ಯ ತೋರಿಸು ಅಂತ ನಾನು ಕಿರುಚಿದೆ. ನೀನು ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟೆ. ಆಮೇಲೆ ನಮ್ಮ ಮನೆಯಲ್ಲಿ ಉಪ್ಪು ಕೊಡು, ನೀರು ಕೊಡು ಬಿಟ್ಟರೆ ಮಾತೇ ಇರಲಿಲ್ಲ. ಜೂನಿನಲ್ಲಿ ವರ್ಗ ಮಾಡಿಸಿಕೊಂಡು ನಾನು ಮದ್ದೂರಿಗೆ ಬಂದೆ. ಟೆಂಪೋಗೆ ನನ್ನ ಟ್ರಂಕು ಹತ್ತಿಸಿದವನು ನೀನೇ.

ನಾನು ಸೋತುಹೋದೆ ಅಂತ ತಿಳಿಯಬೇಡ, ಇನ್ನೂ ಜಗಳಕ್ಕೆ ಶಕ್ತಿ ಇದೆ. ಸೂರ್ಯನನ್ನು ನುಂಗುವ ರಾಹು ಇಲ್ಲ. ಭೂಮಿ ಹೊತ್ತ ಹಾವಿಲ್ಲ. ಭೂಮಿ ಸುತ್ತ ಕಬ್ಬಿನ ಹಾಲಿನ ಸಮುದ್ರವೂ ಇಲ್ಲ, ಇದ್ದಿದ್ದರೆ ಮಂಡ್ಯದವರು ಇಷ್ಟು ಹೊತ್ತಿಗೆ ಅದರ ದಡದಲ್ಲಿ ಆಲೆಮನೆ ಹಾಕಿರುತ್ತಿದ್ದರು. ಬಸುರಿಯರನ್ನು ಗ್ರಹಣದ ದಿನ ಕತ್ತಲೆಯಲ್ಲಿ ಕೂರಿಸುವುದು ತಪ್ಪು. ಈ ಮಾತನ್ನು ಅತ್ತೆಯ ಮುಂದೆಯೂ ಹೇಳುತ್ತೇನೆ, ಯಾವ ದೇವರ ಮುಂದೆಯೂ ಹೇಳುತ್ತೇನೆ. ಪಾಠದ ಪುಸ್ತಕದಲ್ಲಿ ನಿನ್ನ ಪುರಾಣ ಬಂದರೆ ಮತ್ತೆ ಕೆಂಪು ಪೆನ್ನು ತೆಗೆಯುತ್ತೇನೆ.

ಆದರೆ ನೀನು ಯಾವತ್ತು ನನ್ನ ಪಾಠದ ಜಾಗಕ್ಕೆ ನಿನ್ನ ಕಥೆ ತಂದಿದ್ದೆ ಹೇಳು? ಪರೀಕ್ಷೆಗೆ ಮೇಡಂ ಹೇಳಿದ್ದು, ಮನಸ್ಸಿಗೆ ನಾನು ಹೇಳಿದ್ದು ಅಂತ ನೀನೇ ಗೆರೆ ಹಾಕಿಕೊಂಡಿದ್ದೀಯ. ಹಾಲು ಯಾಕೆ ಕಪ್ಪಾಗುತ್ತದೆ ಅಂತ ನಾನು ಹೇಳಬಲ್ಲೆ. ಕಪ್ಪಾದಾಗ ಮನುಷ್ಯರು ಏನು ಮಾಡಬೇಕು ಅಂತ ನನ್ನ ಪುಸ್ತಕದಲ್ಲಿ ಇಲ್ಲ. ಮಗು ಯಾಕೆ ಹೋಯಿತು ಅಂತ ಡಾಕ್ಟರು ಹೇಳಿದರು. ಹೋದ ಮೇಲೆ ಹೇಗೆ ಬದುಕುವುದು ಅಂತ ಅವರನ್ನು ಕೇಳಿದರೆ ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ನನ್ನ ಹತ್ತಿರ ಇಷ್ಟು ದಿನ ಬರೀ ಕಾರಣ ಇತ್ತು ಕಣೋ.

ಇನ್ನೊಂದು ಹೇಳಿಕೊಳ್ಳಬೇಕು. ನಗಬೇಡ, ಇದನ್ನು ಬರೆಯುವಾಗ ನನಗೇ ನಾಚಿಕೆ ಆಗುತ್ತಿದೆ. ೨೦೨೨ರ ದೀಪಾವಳಿಯಲ್ಲಿ ಮತ್ತೆ ಸೂರ್ಯಗ್ರಹಣ ಬಂತು. ಸಾಯಂಕಾಲ ಈ ಬೀದಿಯ ಮಕ್ಕಳೆಲ್ಲ ಬಂದು ಬಾಗಿಲು ಬಡಿದರು: "ಮೇಡಂ, ಗ್ರಹಣ ತೋರ್ಸಿ ಬನ್ನಿ!" ತಲೆನೋವು ಅಂದೆ. ಕಿಟಕಿಗೆ ಬೆಡ್‌ಶೀಟು ಕಟ್ಟಿದೆ. ಅತ್ತೆ ಕಟ್ಟಿದ ಹಾಗೆಯೇ. ಗ್ರಹಣ ಮುಗಿಯುವ ತನಕ ಚಾಪೆಯ ಮೇಲೆ ಮುದುರಿ ಕೂತಿದ್ದೆ. ನನ್ನ ಹೊಟ್ಟೆಯಲ್ಲಿ ಯಾರೂ ಇರಲಿಲ್ಲ ರಾಜ, ಆದರೂ ಹೊರಗೆ ಹೋಗಲು ಕಾಲು ಬರಲಿಲ್ಲ. ಊರಿಗೆಲ್ಲ ವಿಜ್ಞಾನ ಹೇಳುವ ಮೇಡಂ, ಒಳಗೊಳಗೇ ಅತ್ತೆಗಿಂತ ಹೆಚ್ಚು ನಂಬಿಬಿಟ್ಟಿದ್ದಾಳೆ ಅಂತ ಅವತ್ತು ಗೊತ್ತಾಯಿತು. ನಾನು ನಿನ್ನ ಪುರಾಣದ ಜೊತೆ ಜಗಳ ಆಡುತ್ತಿರಲಿಲ್ಲ. ನನ್ನೊಳಗೆ ಕೂತು ನೀನೇ ಕೊಂದೆ, ನೀನೇ ಕೊಂದೆ ಅನ್ನುವವಳ ಬಾಯಿ ಮುಚ್ಚಿಸಲು ನೋಡುತ್ತಿದ್ದೆ. ಅವಳ ಬಾಯಿ ಮುಚ್ಚಲಿಲ್ಲ, ನಿನ್ನ ಬಾಯಿ ಮುಚ್ಚಿತು.

ನಿನ್ನ ದನಿ ಕೇಳಬೇಕು ಅನ್ನಿಸುತ್ತದೆ. ಏನು ಹೇಳಿದರೂ ಸರಿ. ಏಳು ಸಮುದ್ರ ಹೇಳು, ಎಪ್ಪತ್ತು ಸಮುದ್ರ ಹೇಳು. ಬೆಳಿಗ್ಗೆ ಕಬ್ಬಿನ ಟ್ರಾಕ್ಟರು ಈ ರಸ್ತೆಯಲ್ಲಿ ಹೋದಾಗಲೆಲ್ಲ ಕೊಡ ಕೆಳಗಿಟ್ಟು ನಿಲ್ಲುತ್ತೇನೆ. ಒಲೆಯಲ್ಲಿ ಕಬ್ಬಿನ ಸಿಪ್ಪೆಯ ರಚ್ಚು ಉರಿಯುವ ಹೊಗೆಯ ವಾಸನೆ, ನಿನ್ನ ಶರಟಿನ ವಾಸನೆ, ಎಲ್ಲ ಒಂದೇ ಸಲಕ್ಕೆ ಬರುತ್ತದೆ. ಪಕ್ಕದ ಮನೆಯವರು, ಏನ್ ಮೇಡಂ ಕಬ್ಬು ಬೇಕಿತ್ತಾ ಅಂತ ಕೇಳುತ್ತಾರೆ. ಏನಂತ ಹೇಳಲಿ?

ವಕೀಲರನ್ನು ನಿನ್ನೆ ಹೋಗಿ ಕೇಳಿದೆ. ಇಬ್ಬರೂ ಗುರುವಾರ ಬರದೇ ಹೋದರೆ ಏನಾಗುತ್ತೆ ಸಾರ್ ಅಂದೆ. "ಇಬ್ರೂ ಬರ್ದಿದ್ರೆ ಅರ್ಜಿ ತಾನಾಗೇ ಬಿದ್ದೋಯ್ತದೆ ಕಣಮ್ಮ, ನಮಗೂ ಒಂದು ಫೈಲು ಕಡಿಮೆ," ಅಂದರು. ಅದಕ್ಕೇ ಕೇಳುತ್ತಿದ್ದೇನೆ, ನೀನೂ ಹೋಗಬೇಡ. ಗುರುವಾರ ನಾನು ಕೋರ್ಟಿಗೆ ಹೋಗುವುದಿಲ್ಲ. ರಜೆ ಹಾಕಿದ್ದೇನೆ. ಎಂಟು ಗಂಟೆಯ ಬಸ್ಸಿಗೆ ಮಂಡ್ಯಕ್ಕೆ ಬಂದು, ಅಲ್ಲಿಂದ ಆಟೋ ಹಿಡಿದು ಹನ್ನೊಂದಕ್ಕೆ ಸರಿಯಾಗಿ ಆಲೆಮನೆಯಲ್ಲಿ ಇರುತ್ತೇನೆ. ನೀನು ಕೋರ್ಟಿಗೇ ಹೋಗುವುದಾದರೆ ಹೋಗು, ತಡೆಯುವ ಹಕ್ಕು ನನಗಿಲ್ಲ. ನೀನು ವಾಪಸು ಬರುವವರೆಗೆ ಕೊಪ್ಪರಿಗೆ ನೋಡಿಕೊಳ್ಳುತ್ತೇನೆ. ಕೊಳೆ ಎತ್ತುವುದು ನನಗೂ ಗೊತ್ತು, ನೀನೇ ಕಲಿಸಿದ್ದು.

ಅತ್ತೆಗೆ ನಾನೇ ಹೇಳುತ್ತೇನೆ. ಮೊದಲು ಅವರ ಕಾಲಿಗೆ ಬೀಳುತ್ತೇನೆ, ಆಮೇಲೆ ಆ ಅರ್ಧ ಮಾತಿಗೆ ಜಗಳ ಆಡುತ್ತೇನೆ. ಶಿವನಂಜಮ್ಮ ಅಂತ ಹೆಸರಲ್ಲೇ ನಂಜು ಇಟ್ಟುಕೊಂಡಿರುವ ಅವ್ವನ ಮಗ ನಾನು, ಯಾವ ಇಸಕ್ಕೂ ಎದರಲ್ಲ ಅಂತ ಜಂಬ ಕೊಚ್ಚುತ್ತಿದ್ದೆಯಲ್ಲ, ನೋಡೋಣ ನಮ್ಮಿಬ್ಬರ ಮಧ್ಯೆ ಹೇಗೆ ನಿಲ್ಲುತ್ತೀಯ ಅಂತ.

೨೦೨೭ರ ಆಗಸ್ಟ್ ಎರಡರಂದು ಸಾಯಂಕಾಲ ಮತ್ತೊಂದು ಗ್ರಹಣ ಇದೆ. ನಮ್ಮ ಕಡೆ ಸೂರ್ಯನ ಅಂಚು ಸ್ವಲ್ಪ ಮುಕ್ಕಾಗುತ್ತದಂತೆ, ಅಷ್ಟೇ. ಅವತ್ತು ನಾನು ಹೊರಗೆ ನಿಲ್ಲಬೇಕು. ಒಬ್ಬಳಿಗೇ ಆಗುವುದಿಲ್ಲ, ನೀನು ಪಕ್ಕದಲ್ಲಿ ಇರಬೇಕು. ನಾನು ಚಂದ್ರನ ನೆರಳು ಅನ್ನುತ್ತೇನೆ, ನೀನು ರಾಹು ಅನ್ನು, ಕಿತ್ತಾಡೋಣ.

ಶೋಭಿತಾಳ ಪೇಪರು ವಾಪಸು ಇಸಿದುಕೊಂಡೆ. ಸೊನ್ನೆ ಹೊಡೆದು ಹಾಕಿ ನಾಲ್ಕಕ್ಕೆ ನಾಲ್ಕು ಕೊಟ್ಟೆ. 'ಹಾಲು' ಎನ್ನುವ ಪದದ ಹಿಂದೆ ನನ್ನ ಕೈಯಾರೆ 'ಕಬ್ಬಿನ' ಅಂತ ಸೇರಿಸಿದೆ, ಅಷ್ಟೇ ತಿದ್ದುಪಡಿ. ಅವಳ ಅಮ್ಮ ನಾಳೆ ತವರಿಗೆ ಬರುತ್ತಾರೆ, ಈ ಕಾಗದವನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಆಲೆಮನೆ ರಾಜಣ್ಣಂಗೆ ಕೊಡಿ ಅಂದೆ. ಏನ್ ಮೇಡಂ ವಿಷಯ ಅಂದರು. ನಾನು ಅವರ ಮನೆ ಮೇಡಂ ಅಂದೆ.

ಎರಡನೇ ಅರ್ಜಿದಾರಳಾಗಲು ಒಲ್ಲದ,
ರೂಪ

ಮರೆತಿಲ್ಲ, ಬೇಕಂತಲೇ ಕೊನೆಗೆ ಇಟ್ಟುಕೊಂಡಿದ್ದೆ: ಆ ಹುಡುಗಿಯ ಉತ್ತರದಲ್ಲಿ ಇನ್ನೊಂದು ಸಾಲು ಇತ್ತು ಅಂದೆನಲ್ಲ. ಮೇಲೆ ಬರೆಯಲು ಕೈ ಬರಲಿಲ್ಲ. "ವಿಷ ಬಂದಿದ್ದು ಯಾರ ತಪ್ಪೂ ಅಲ್ಲ, ಅದಕ್ಕೆ ವಿಷ ಬಂದಾಗ ಬಿಟ್ಟು ಓಡಬಾರದು" ಅಂತ ಬರೆದಿದ್ದಳು. ನಾನು ಅದರ ಕೆಳಗೆ ಕೆಂಪಿನಲ್ಲಿ 'ಅನವಶ್ಯಕ' ಎಂದು ಬರೆದಿದ್ದೆ. ಇದೂ ರಾಜಣ್ಣ ಹೇಳಿದ್ದೇನೇ ಅಂತ ಕೇಳಿದೆ. "ಊಂ ಮೇಡಂ, ಎಲ್ಲಾ ಮಕ್ಕಳಿಗೂ ಕೊನೇಲಿ ಅದನ್ನೇ ಯೋಳ್ತರೆ. ಯೋಳಿ ಮತ್ತೆ ಸೌಟು ಎತ್ಕತರೆ," ಅಂದಳು. ಅವತ್ತು ಕೊಪ್ಪರಿಗೆಯ ಮುಂದೆ ನನ್ನ ಮುಖ ನೋಡಿಕೊಂಡು "ಇಸ ಬಂದಿದ್ದು…" ಅಂತ ಶುರು ಮಾಡಿದ್ದೆಯಲ್ಲ ರಾಜ, ನಾನು ಹೇಳಗೊಡದೇ ಇದ್ದದ್ದು ಇದನ್ನೇನಾ? ಗುರುವಾರ ಬರುತ್ತೇನೆ. ಪೂರ್ತಿ ಹೇಳು.